ಹನ್ನೊಂದನೇ ಬಾಟಲಿ

ಮೇಡಂ ತೀರಿಕೊಂಡ ಮರುವಾರ ನಾವು ಓದಿದ ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ಹಳೆಯ ವಿದ್ಯಾರ್ಥಿಗಳ ಪರವಾಗಿ ಯಾರಾದರೂ ಮಾತಾಡಬೇಕು ಅಂತ ನನ್ನನ್ನೇ ಎಬ್ಬಿಸಿದರು. ನಾನು ಹೈಸ್ಕೂಲಿನ ವಿಜ್ಞಾನ ಟೀಚರು, ಮೈಕಿನ ಮುಂದೆ ನಿಲ್ಲುವುದು ಹೊಸತೇನಲ್ಲ. ಮೇಡಂ ನಮ್ಮನ್ನು ಊರೂರಿಗೆ ಕಳಿಸಿ ಕುಡಿಯುವ ನೀರಿನ ಪರೀಕ್ಷೆ ಮಾಡಿಸಿದ್ದು, ಜನರ ಮನೆಬಾಗಿಲಿಗೆ ಹೋಗಿ ಫಲಿತಾಂಶ ಹೇಳಿಸಿದ್ದು, ಎಲ್ಲ ಹೇಳಿದೆ. ಜನ ಕಣ್ಣೊರೆಸಿಕೊಂಡರು. ಕೆಳಗಿಳಿದು ಬಂದಾಗ ಮೇಡಂ ಅವರ ತಮ್ಮ ಎದ್ದು ಬಂದು ಕೈಮುಗಿದ. “ನಮ್ಮಕ್ಕ ನಿಮ್ಮ ಹೆಸರು ಭಾಳ ಸಲ ತಗೀತಿದ್ದಳ್ರಿ,” ಅಂದ.

ಏನಂತ ತೆಗೆಯುತ್ತಿದ್ದರು ಅಂತ ಕೇಳುವ ಧೈರ್ಯ ಆಗಲಿಲ್ಲ. ನೀರು ಕುಡಿಯುವ ನೆಪ ಮಾಡಿ ಹೊರಗೆ ಬಂದು ಸೀದಾ ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟೆ. ಆ ಸಭೆಯಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಅವರು ನಮಗೆ ಕೆಮಿಸ್ಟ್ರಿ ಕಲಿಸುತ್ತಿದ್ದರು. ಶಹಾಪುರದಲ್ಲಿ ತಮ್ಮನ ಸಂಸಾರದ ಜೊತೆ ಇದ್ದು ದಿನಾ ಬಸ್ಸಿನಲ್ಲಿ ಸುರಪುರಕ್ಕೆ ಬರುತ್ತಿದ್ದರು. ಗಿಡ್ಡ ಆಳು, ಆದರೆ ಅವರ ಜೊತೆ ಹೆಜ್ಜೆ ಹಾಕಬೇಕೆಂದರೆ ನಾವು ಓಡಬೇಕು. ಉಡುತ್ತಿದ್ದದ್ದು ನಾಲ್ಕೈದೇ ಇಳಕಲ್ ಸೀರೆ. ಎಲ್ಲದರ ಮೇಲೂ ಆ್ಯಸಿಡ್ ಹಾರಿ ಬಿದ್ದ ಸಣ್ಣ ಸಣ್ಣ ತೂತು. ಅವನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಅದೂ ಬೇರೆ ಬಣ್ಣದ ದಾರದಿಂದ. ಕಪ್ಪು ಸೀರೆಯ ಮೇಲೆ ಹಳದಿ ಹೊಲಿಗೆ ಎದ್ದು ಕಾಣುತ್ತಿತ್ತು. ಒಂದು ಸಲ ನಾನು, “ಮೇಡಂ, ಕಪ್ಪು ದಾರ ನಾ ತಂದುಕೊಡಲೇನ್ರಿ?” ಅಂದೆ.

“ಬ್ಯಾಡವಾ. ನಾ ಎಲ್ಲೆಲ್ಲಿ ಗಡಿಬಿಡಿ ಮಾಡೀನಿ ಅಂತ ನನಗ ಕಾಣ್ತಿರಬೇಕು,” ಅಂದರು.

ಡಿಗ್ರಿಯ ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಹಿಂದಿನವರ ರೆಕಾರ್ಡ್ ನೋಡಿ ನಾಲ್ಕು ಗೆರೆ ಅತ್ತಿತ್ತ ಮಾಡಿ ಬರೆದರೆ ಆಯಿತು ಅಂತ ನಾವು ಅಂದುಕೊಂಡಿದ್ದೆವು. ಮೇಡಂ ಮೊದಲ ದಿನವೇ ಪ್ರತಿಯೊಬ್ಬರ ಮುಂದೆ ಖಾಲಿ ಬಾಟಲಿಗಳನ್ನು ತಂದಿಟ್ಟರು.

“ನಿಮ್ಮ ಮನ್ಯಾಗ ಕುಡಿಯೋ ನೀರು ಎಲ್ಲಿಂದ ತರ್ತೀರಿ?”

ಒಬ್ಬೊಬ್ಬರೂ ಹೇಳಿದೆವು. ನಲ್ಲಿ, ಬಾವಿ, ಬೋರಿಂಗು. ಕೈಪಂಪಿಗೆ ನಮ್ಮ ಕಡೆ ಬೋರಿಂಗು ಅಂತಲೇ ಅನ್ನುವುದು.

“ಆ ನೀರಾಗ ಏನೇನದ?”

ನಾವು ಮುಂದಿದ್ದ ಬಾಟಲಿಗಳನ್ನು ತಿರುಗಿಸಿ ನೋಡತೊಡಗಿದೆವು.

“ಮೂರು ವರ್ಷ ಆತು ಕೆಮಿಸ್ಟ್ರಿ ಓದಾಕತ್ತು. ಮನ್ಯಾಗಿನ ಕೊಡದಾಗ ಏನದ ಅಂತ ಗೊತ್ತಿಲ್ಲ ನಿಮಗ. ಅದನ್ನೇ ನೋಡೂಣು ನಡೀರಿ.”

ಹಾಗೆ ಶುರುವಾಯಿತು. ವಾರಕ್ಕೆರಡು ದಿನ ಊರುಗಳಿಗೆ ಹೋಗಿ ನೀರು ತರುವುದು, ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದು. ಮುಖ್ಯವಾಗಿ ಫ್ಲೋರೈಡ್ ನೋಡುತ್ತಿದ್ದೆವು. ಕೆಂಪು ದ್ರಾವಣ ಹಾಕಿದರೆ ನೀರಿನ ಬಣ್ಣ ಬದಲಾಗುತ್ತದೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಕೆಂಪು ಹೋಗಿ ಹಳದಿಯಾಗುತ್ತದೆ. ಪಕ್ಕದಲ್ಲಿ ಮೇಡಂ ತಾವೇ ತಯಾರಿಸಿದ ಅಳತೆಯ ದ್ರಾವಣಗಳ ಸಾಲು ಇರುತ್ತಿತ್ತು. ಅದರ ಜೊತೆ ಹೋಲಿಸಿ ನೋಡಿ ಎಷ್ಟಿದೆ ಅಂತ ಬರೆಯಬೇಕು. ಕೆಲಸ ಕಷ್ಟದ್ದಲ್ಲ. ಕಷ್ಟ ಇದ್ದದ್ದು ಮೇಡಂ ಹಾಕಿದ ಒಂದು ನಿಯಮದಲ್ಲಿ. ಉತ್ತರ ಮೊದಲು ನೀರು ಕೊಟ್ಟವರಿಗೆ ಹೋಗಬೇಕು, ರೆಕಾರ್ಡಿಗೆ ಆಮೇಲೆ. ಓದಲು ಬಾರದವರಿದ್ದರೆ ಕೂತು ಹೇಳಬೇಕು. ಅವರು ಕೇಳಿದ್ದಕ್ಕೆಲ್ಲ ಜವಾಬು ಕೊಡಬೇಕು. ಮೇಡಂ ಯಾವತ್ತೂ “ಸ್ಯಾಂಪಲ್” ಅನ್ನಲಿಲ್ಲ. “ಅಗಸಿ ಬಾಜೂಕಿನ ಮನಿಯವ್ರ ನೀರು ಏನಾತು?” ಅಂತಲೇ ಕೇಳುತ್ತಿದ್ದರು.

ನಮ್ಮ ಕ್ಲಾಸಿನ ಒಬ್ಬ ಜಾಣ ಹುಡುಗ ತನ್ನ ರೆಕಾರ್ಡಿನಲ್ಲಿ “ಅಜ್ಞಾನಿ ಗ್ರಾಮಸ್ಥರು” ಅಂತ ಬರೆದಿದ್ದ. ಮೇಡಂ ಆ ಹಾಳೆಯನ್ನು ಎಲ್ಲರೆದುರು ಹರಿದರು. ಅವರಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇನ್ನೂ ಸಣ್ಣದಾಗುತ್ತಿತ್ತು.

“ಆ ಊರಿನ ಹೆಣ್ಮಕ್ಕಳು ಯಾವ ಬಾವಿ ನೀರಿಗಿ ಬ್ಯಾಳಿ ಬೇಯ್ತದ, ಯಾವುದಕ್ಕ ಬೇಯಂಗಿಲ್ಲ ಅಂತ ಹೇಳ್ತಾರ. ನೀ ಹೇಳ್ತೀಯೇನು? ಮತ್ತ ಬರಿ, ಹೋಗು.”

ವನದುರ್ಗದಲ್ಲಿ ಒಂದು ಮನೆಯ ನೀರಿನಲ್ಲಿ ಫ್ಲೋರೈಡ್ ವಿಪರೀತ ಇತ್ತು. ಅದನ್ನು ಹೇಳಲು ಹೋದಾಗ ಆ ಮನೆಯಾಕೆ ಮೊದಲು ಎಲ್ಲರಿಗೂ ತಂಬಿಗೆಯಲ್ಲಿ ನೀರು ತಂದಿಟ್ಟಳು. ನಾವು ಮುಖ ಮುಖ ನೋಡಿಕೊಂಡೆವು. ಮೇಡಂ ತಂಬಿಗೆ ಎತ್ತಿ ಗಟಗಟ ಕುಡಿದರು. ಆಮೇಲೆ ಕಟ್ಟೆಯ ಮೇಲೆ ಕೂತು, ಆಕೆ ಸುಲಿಯುತ್ತಿದ್ದ ಶೇಂಗಾ ತಾವೂ ಸುಲಿಯುತ್ತ, ಆ ನೀರು ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹೋಗದ ಕಂದು ಕಲೆ ಕೂಡುತ್ತದೆ, ಎಲುಬು ಕೆಡುತ್ತವೆ ಅಂತ ಹೇಳಿದರು. ದಾರಿಯಲ್ಲಿ ನಾನು ಕೇಳಿದೆ, “ಗೊತ್ತಿದ್ದೂ ಹೆಂಗ ಕುಡದ್ರಿ ಮೇಡಂ?”

“ಒಂದು ತಂಬಿಗಿ ಕುಡದ್ರ ನನಗೇನಾಗ್ತದ? ನಾ ಮೊದಲೇ ಮುಖ ಸಿಂಡರಿಸಿದ್ರ ಆಕಿ ನನ್ನ ಮಾತು ಕೇಳ್ತಿದ್ದಳೇನು?”

ಇಂಥವರ ಕೈಕೆಳಗೆ ಓದಿ ನಾನು ಮಾಡಿದ್ದು ಇದು.

ನನಗೂ ನನ್ನ ಜೊತೆಗಾತಿಗೂ ಕಕ್ಕೇರಾ ಕಡೆಯ ದೊಡ್ಡಿಗಳನ್ನು ಹಂಚಿದ್ದರು. ದೊಡ್ಡಿ ಅಂದರೆ ಊರಿನಿಂದ ದೂರ ಹೊಲಗಳ ನಡುವೆ ಇರುವ ಹತ್ತಿಪ್ಪತ್ತು ಮನೆಗಳ ಗುಂಪು. ನಮ್ಮ ಪಾಲಿಗೆ ಹನ್ನೊಂದು ಬೋರಿಂಗು ಬಂದಿದ್ದವು. ಹತ್ತರ ನೀರು ಇಬ್ಬರೂ ಸೇರಿ ತಂದೆವು. ಕೊನೆಯ ದೊಡ್ಡಿಗೆ ಹೋಗಬೇಕಾದ ದಿನ ಜೊತೆಗಾತಿಗೆ ಜ್ವರ ಬಂದಿತ್ತು, ನಾನೊಬ್ಬಳೇ ಹೋದೆ. ಬಸ್ಸಿಳಿದ ಜಾಗದಿಂದ ಹೊಲದ ದಾರಿಯಲ್ಲಿ ಒಂದು ತಾಸಿನ ನಡಿಗೆ. ಏಪ್ರಿಲ್ ತಿಂಗಳು, ಮಧ್ಯಾಹ್ನ. ಬಸ್ ನಿಲ್ಲುವಲ್ಲಿಯೇ ಒಂದು ಬೋರಿಂಗಿತ್ತು. ಬೇವಿನ ಮರದ ನೆರಳಿತ್ತು. ಅದೇ ಬಸ್ಸು ಮುಂದಿನ ಊರಿಗೆ ಹೋಗಿ ಅರ್ಧ ತಾಸಿನಲ್ಲಿ ತಿರುಗಿ ಬರುತ್ತದೆ ಅಂತ ಕಂಡಕ್ಟರ್ ಹೇಳಿ ಹೋಗಿದ್ದ.

ಆಮೇಲಿನ ವರ್ಷಗಳಲ್ಲಿ ನಾನು ನನಗೆ ನಾನೇ ಬೇಕಾದಷ್ಟು ಕಾರಣ ಹೇಳಿಕೊಂಡಿದ್ದೇನೆ. ಒಬ್ಬಳೇ ಹುಡುಗಿ, ಗುರುತಿಲ್ಲದ ದಾರಿ, ಮನೆಯಲ್ಲಿ ಬೈಯುತ್ತಾರೆ. ಯಾವುದೂ ಖರೆಯಲ್ಲ. ಬಿಸಿಲಿತ್ತು, ನನಗೆ ಬೇಸರವಾಗಿತ್ತು. ಬಸ್ ನಿಲ್ಲುವಲ್ಲಿಯ ಬೋರಿಂಗನ್ನು ನಾಲ್ಕು ಸಲ ಹೊಡೆದು, ಬಾಟಲಿ ತೊಳೆದು, ತುಂಬಿಕೊಂಡು, ಮೇಲೆ ಆ ದೊಡ್ಡಿಯ ಹೆಸರು ಬರೆದೆ. ಬಾಟಲಿ ತೊಳೆಯುವುದನ್ನು ಮಾತ್ರ ಮೇಡಂ ಕಲಿಸಿದ ಹಾಗೆ ಮೂರು ಸಲ ಮಾಡಿದೆ. ಅದು ಈಗಲೂ ನೆನಪಿದೆ.

ಲ್ಯಾಬಿನಲ್ಲಿ ಆ ನೀರು ಕೆಂಪಾಗಿಯೇ ಉಳಿಯಿತು. ಒಳ್ಳೆಯ ನೀರು. ಮೇಡಂ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಆ ದೊಡ್ಡಿಯವ್ರು ಈ ಬೋರಿಂಗಿನ ನೀರು ಕುಡಿಯಂಗಿಲ್ಲವಾ. ದನಕ್ಕ ಹಾಕ್ತಾರ, ಬಟ್ಟಿ ಒಗೀತಾರ. ಕುಡಿಯಾಕ ದೂರದ ಹೊಲದ ಬಾವಿಗಿ ಹೋಗ್ತಾರ. ಮತ್ತ ಇದು ಇಷ್ಟು ಚೊಲೋ ಬಂದದ?”

ಆಗ ಹೇಳಬಹುದಿತ್ತು. ಬೈಸಿಕೊಂಡು ಮರುದಿನ ಹೋಗಿ ನೀರು ತಂದರೆ ಮುಗಿದುಹೋಗುತ್ತಿತ್ತು. ನಾನು, “ರುಚಿ ಸೇರಂಗಿಲ್ಲ ಏನೋ ಅವ್ರಿಗಿ ಮೇಡಂ,” ಅಂದೆ.

“ಇರಬೇಕು,” ಅಂದರು ಅವರು. “ಪಾಪ, ಆ ಹೆಣ್ಮಕ್ಕಳು ಸುಮ್ಮನ ಅಷ್ಟು ದೂರ ಹೊತ್ತು ಸಾಯಾಕತ್ಯಾರ. ನಡಿ, ಹೋಗಿ ಹೇಳೂಣು.”

ಮುಂದಿನ ವಾರ ಅವರೇ ನನ್ನ ಜೊತೆ ಬಂದರು. ಒಂದು ತಾಸು ನಡೆದೆವು. ದಾರಿ ನನಗೆ ಗೊತ್ತಿರಲಿಲ್ಲ. ಹೊಲದಲ್ಲಿದ್ದವರನ್ನು ಕೇಳುತ್ತ ನಾನು ಮುಂದೆ ನಡೆದೆ, ಮೇಡಂ ಅದನ್ನು ಗಮನಿಸಿದರೋ ಇಲ್ಲವೋ. ದೊಡ್ಡಿಯ ಹೆಂಗಸರು ಬೋರಿಂಗಿನ ಸುತ್ತ ನೆರೆದರು. ಮೊಮ್ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡಿದ್ದ ಒಬ್ಬಾಕೆ, ಆಗ ಐವತ್ತರ ಸುಮಾರಿರಬಹುದು, ಸುಲಭಕ್ಕೆ ನಂಬಲಿಲ್ಲ.

“ನಮ್ಮತ್ತಿ ಕಾಲದಿಂದ ಕುಡದಿಲ್ಲರೀ ಅಕ್ಕೋರ. ಬಾಯಾಗ ಇಟ್ಟರ ಒಂಥರಾ ಆಗ್ತದ.”

ಮೇಡಂ ನನ್ನ ಹೆಗಲ ಮೇಲೆ ಕೈ ಇಟ್ಟರು. “ಈಕಿ ಪರೀಕ್ಷಾ ಮಾಡಿ ನೋಡ್ಯಾಳ್ರೀ. ನನ್ನ ಹುಡುಗಿ ಈಕಿ. ನಂಬ್ರಿ.”

ಆಮೇಲೆ ಬೋರಿಂಗಿನ ಕೊರಳಿಗೆ ನೀಲಿ ಬಣ್ಣದ ಪಟ್ಟಿ ಬಳಿದರು. ಕುಡಿಯಬಹುದು ಅಂತ ಗುರುತು. ಬಣ್ಣದ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತವಳು ನಾನು. ಆ ದೊಡ್ಡಿಯ ಹೆಂಗಸರು ಅಂದಿನಿಂದ ದೂರದ ಬಾವಿಗೆ ಹೋಗುವುದನ್ನು ಬಿಟ್ಟರು.

ನಾನು ಪಾಸಾದೆ, ಬಿ.ಎಡ್. ಮಾಡಿದೆ, ದೋರನಹಳ್ಳಿಯಲ್ಲಿ ಟೀಚರಾದೆ, ಮದುವೆಯಾಯಿತು. ಬಾಟಲಿ ಮರೆತೇಹೋಗಿತ್ತು ಅಂದರೆ ಸುಳ್ಳಾಗುತ್ತದೆ. ಕಕ್ಕೇರಾ ಬೋರ್ಡಿನ ಬಸ್ಸು ಕಂಡಾಗಲೆಲ್ಲ ನೆನಪಾಗುತ್ತಿತ್ತು, ಬಸ್ಸು ಹೋದ ಮೇಲೆ ಮರೆಯುತ್ತಿದ್ದೆ.

ನಾಲ್ಕು ವರ್ಷದ ಮೇಲೆ ಒಂದು ಮಧ್ಯಾಹ್ನ, ಶಾಲೆಯಲ್ಲಿ ಊಟದ ಬಿಡುವಿನಲ್ಲಿ, ಮೇಡಂ ಬಂದರು. ಕೈಯಲ್ಲಿ ನಮ್ಮ ಬ್ಯಾಚಿನ ರಿಜಿಸ್ಟರು. ಕುರ್ಚಿ ಕೊಟ್ಟರೆ ಕೂಡಲಿಲ್ಲ.

“ಆ ದೊಡ್ಡಿಗಿ ಈ ವರ್ಷದ ಹುಡುಗರನ್ನ ಕರಕೊಂಡು ಹೋಗಿದ್ದೆ. ಅಲ್ಲಿ ಮಕ್ಕಳ ಹಲ್ಲು ನೋಡಿ ನನಗ ಸಂಶಯ ಬಂತು. ನೀರು ಹಾಕಿ ನೋಡಿದ್ರ ಪೂರಾ ಹಳದಿ.” ರಿಜಿಸ್ಟರು ತೆಗೆದು ನನ್ನ ಅಕ್ಷರದ ಮೇಲೆ ಬೆರಳಿಟ್ಟರು. “ನೀ ನೀರು ಅದೇ ಬೋರಿಂಗಿಂದ ತಂದಿದ್ದಿ, ಹೌದಲ್ಲ? ನೆನಪು ಮಾಡಿ ಹೇಳು.”

ಹೊರಗೆ ಮಕ್ಕಳು ತಟ್ಟೆ ತೊಳೆಯುವ ಸದ್ದು. ಪಕ್ಕದಲ್ಲಿ ನನ್ನ ಹೆಡ್‌ಮಾಸ್ಟರು ಕೂತಿದ್ದರು.

“ಅಲ್ಲಿಂದಲೇ ತಂದೀನ್ರಿ ಮೇಡಂ,” ಅಂದೆ.

ಅವರು ರಿಜಿಸ್ಟರು ಮುಚ್ಚಿದರು. “ಹಂಗಿದ್ರ ತಪ್ಪು ನಂದೇ. ಅಳತಿ ದ್ರಾವಣ ನಾನೇ ಮಾಡಿದ್ದೆ. ಆ ವರ್ಷದ್ದು ಎಲ್ಲಾ ನಲವತ್ತು ಬೋರಿಂಗು ತಿರುಗಿ ನೋಡಬೇಕು.” ಬಾಗಿಲ ತನಕ ಹೋದವರು ತಿರುಗಿ ಬಂದು ನನ್ನ ಬೆನ್ನು ಸವರಿದರು. “ಮುಖ ಸಣ್ಣ ಮಾಡಬ್ಯಾಡವಾ. ನಿಂದೇನೂ ಇಲ್ಲ ಇದರಾಗ.”

ಅವತ್ತು ಐದನೇ ಪೀರಿಯಡ್ಡಿನಲ್ಲಿ ನಾನು ಏನು ಪಾಠ ಮಾಡಿದೆನೋ ದೇವರೇ ಬಲ್ಲ.

ಆ ವರ್ಷ ಮೇಡಂ ಮಕ್ಕಳನ್ನು ಊರುಗಳಿಗೆ ಕಳಿಸುವುದನ್ನು ನಿಲ್ಲಿಸಿದರು. ತನ್ನ ತಪ್ಪು ಎಲ್ಲಿದೆ ಅಂತ ತಿಳಿಯದೆ ಇನ್ನೊಬ್ಬರಿಗೆ ಕಲಿಸಬಾರದು ಅಂತ ಅವರ ಲೆಕ್ಕ. ರವಿವಾರ ರವಿವಾರ ಒಬ್ಬರೇ ಚೀಲ ಹೆಗಲಿಗೆ ಹಾಕಿಕೊಂಡು ನಲವತ್ತೂ ಬೋರಿಂಗು ಸುತ್ತಿದರು. ಇದನ್ನು ನನಗೆ ಹೇಳಿದವಳು ನನ್ನ ಹಳೆಯ ಜೊತೆಗಾತಿ. “ಮೇಡಂಗ ಮಂಡಿನೋವು ಶುರು ಆಗ್ಯಾದ, ಆದ್ರೂ ಕೇಳಂಗಿಲ್ಲ,” ಅಂತ ಅವಳು ಫೋನಿನಲ್ಲಿ ಹೇಳುತ್ತಿದ್ದರೆ ನಾನು ಹೂಂ, ಹೂಂ ಅನ್ನುತ್ತಿದ್ದೆ.

ಅದಾಗಿ ವರ್ಷದ ಮೇಲೆ ಶಹಾಪುರದಲ್ಲಿ ಒಂದು ಮದುವೆಯಲ್ಲಿ ಮೇಡಂ ಸಿಕ್ಕರು. ನನ್ನ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂಡಿಸಿಕೊಂಡರು. ಮನೆಯವರ ಸುದ್ದಿ, ಮಗನ ಸುದ್ದಿ ಕೇಳಿದರು. ಆಮೇಲೆ ಹಗುರ ದನಿಯಲ್ಲಿ ಅಂದರು:

“ಎಲ್ಲಾ ತಿರುಗಿ ಮಾಡಿ ನೋಡಿದೆ. ಮೂವತ್ತೊಂಬತ್ತು ಬರೋಬರಿ ಅದಾವ.”

ಅಷ್ಟು ಹೇಳಿ ನನ್ನ ಮುಖವನ್ನೇ ನೋಡಿದರು. ಕೆಮಿಸ್ಟ್ರಿ ಓದಿದವಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದ್ರಾವಣ ಕೆಟ್ಟಿದ್ದರೆ ಎಲ್ಲವೂ ಕೆಡಬೇಕಿತ್ತು. ಒಂದೇ ತಪ್ಪಿದೆ ಅಂದರೆ ತಪ್ಪಿದ್ದು ಬಾಟಲಿಯಲ್ಲಿ. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ಲ್ಯಾಬಿನಲ್ಲಿ ಉತ್ತರ ಗೊತ್ತಿರುವ ಹುಡುಗಿ ಬಾಯಿ ಬಿಡಲಿ ಅಂತ ಕಾಯುತ್ತಿದ್ದರಲ್ಲ, ಹಾಗೆ ಕಾದರು.

“ಹೌದ್ರೀ ಮೇಡಂ? ಚೊಲೋ ಆತು ಬಿಡ್ರಿ,” ಅಂದೆ ನಾನು. ಅಂದು, ಎದ್ದು, ಅಲ್ಲೇ ಕಣ್ಣೆದುರು ಆಡುತ್ತಿದ್ದ ಮಗನನ್ನು ಹುಡುಕಿಕೊಂಡು ಹೋದೆ.

ಮುಂದಿನ ವರ್ಷ ಅವರು ಪ್ರಾಜೆಕ್ಟನ್ನು ಮತ್ತೆ ಶುರು ಮಾಡಿದರು ಅಂತ ತಿಳಿಯಿತು. ಹೊಸದಾಗಿ ಒಂದು ನಿಯಮ ಸೇರಿತ್ತು: ಒಂದೇ ಬೋರಿಂಗಿನ ನೀರನ್ನು ಇಬ್ಬರು ಬೇರೆ ಬೇರೆ ದಿನ ಹೋಗಿ ತರಬೇಕು. ಯಾಕೆ ಅಂತ ಅವರು ಯಾರಿಗೂ ಹೇಳಲಿಲ್ಲವಂತೆ. ನಿವೃತ್ತರಾದರು. ಮೂತ್ರಪಿಂಡದ ಕಾಯಿಲೆ ಬಂತು. ಯಾದಗಿರಿಯ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದರು. ನಾನು ಟ್ರೇನಿಂಗಿಗೆ ಅಂತ ಎರಡು ಸಲ ಯಾದಗಿರಿಗೆ ಹೋದೆ, ಆಸ್ಪತ್ರೆಯ ಗೇಟಿನ ತನಕ ಹೋಗಿ ತಿರುಗಿ ಬಂದೆ. ಎದುರು ನಿಂತರೆ ಹೇಳಲೇಬೇಕಾಗುತ್ತಿತ್ತು.

ಸಂತಾಪ ಸಭೆಯಾದ ಮುಂದಿನ ರವಿವಾರ ನಾನು ಕಕ್ಕೇರಾ ಬಸ್ಸು ಹತ್ತಿದೆ. ಬೇವಿನ ಮರದ ಹತ್ತಿರ ಇಳಿದು ಒಂದು ತಾಸು ನಡೆದೆ. ಅವತ್ತು ಮೊಮ್ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡಿದ್ದ ಆ ಅಜ್ಜಿ ಇನ್ನೂ ಇದ್ದಾಳೆ. ಮೊದಲು ಗುರುತು ಹಿಡಿಯಲಿಲ್ಲ. ಮೇಡಂ ಜೊತೆ ಬಂದಿದ್ದ ಹುಡುಗಿ ಅಂದ ಮೇಲೆ ಒಳಗೆ ಕರೆದು ಕೌದಿ ಹಾಸಿದಳು. ಮೇಡಂ ಹೋದ ಸುದ್ದಿ ಆಕೆಗೆ ಗೊತ್ತಿರಲಿಲ್ಲ.

“ನೀರು ಕೆಟ್ಟದ್ದು ಅಂತ ಗೊತ್ತಾದ ಮ್ಯಾಲ ಆ ಅಕ್ಕೋರು ಒಬ್ಬರೇ ಬಂದಿದ್ರು,” ಅಂದಳು. “ಬೋರಿಂಗಿನ ಕಟ್ಟಿ ಮ್ಯಾಲ ಕುಂತು, ‘ತಪ್ಪು ನಂದು ಯವ್ವಾ, ನೀವು ಹೇಳಿದ್ದೇ ಖರೆ ಇತ್ತು,’ ಅಂದ್ರು. ನನ್ನ ಸೊಸಿ ಬಾಯಿಗಿ ಬಂದಂಗ ಬೈದಳು. ಒಂದು ಮಾತು ತಿರುಗಿ ಆಡಲಿಲ್ಲರೀ. ತಾವೇ ಕೆಂಪು ಬಣ್ಣ ಹಚ್ಚಿ ಹೋದ್ರು. ಆಮ್ಯಾಲ ಕಚೇರಿಗಿ ನಮ್ಮನ್ನ ಕರಕೊಂಡು ಅಡ್ಡಾಡಿ, ಅರ್ಜಿ ಬರದು ಬರದು, ಈ ನಲ್ಲಿ ತರಿಸಿದ್ರು. ವರ್ಷಾ ವರ್ಷಾ ಬಂದು ಮಕ್ಕಳ ಹಲ್ಲು ನೋಡಿ ಹೋಗ್ತಿದ್ರು. ಅಷ್ಟು ಓದಿದಾಕಿ ಹೆಂಗ ತಪ್ಪಿದಳೋ ಅಂತ ನಾವು ಅಂದ್ಕೋತಿದ್ದೆವು.”

“ಅವ್ರು ತಪ್ಪಿಲ್ಲಬೇ,” ಅಂದೆ. “ತಪ್ಪಿದಾಕಿ ನಾನು. ನೀರು ತರೋ ದಿನ ನಾ ಇಲ್ಲಿಗಿ ಬಂದೇ ಇದ್ದಿಲ್ಲ. ಬಸ್ ನಿಲ್ಲೋ ಹತ್ರ ನೀರು ತುಂಬ್ಕೊಂಡು, ನಿಮ್ಮ ದೊಡ್ಡಿ ಹೆಸರು ಬರದೆ. ಮೇಡಂ ನನ್ನನ್ನ ನಂಬಿದ್ರು. ನೀವು ಮೇಡಂನ ನಂಬಿದ್ರಿ.”

ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಆಕೆ ಹಿತ್ತಲ ಕಡೆ ತಿರುಗಿ ಮೊಮ್ಮಗಳನ್ನು ಕರೆದಳು. ಹದಿನೇಳರ ಸುಮಾರಿನ ಹುಡುಗಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನು ನೋಡಿ ನಕ್ಕಳು. ನಗುವಾಗ ಓಢಣಿಯ ಸೆರಗು ತಾನಾಗಿ ಬಾಯಿಗೆ ಅಡ್ಡ ಬಂತು.

“ಪಿಯುಸಿ ಓದ್ತದ,” ಅಂದಳು ಅಜ್ಜಿ. “ಫೋಟೋ ತಗೀಬೇಕಂದ್ರ ಬಾಯಿ ಬಿಗಿಹಿಡಕೊಂಡು ನಿಂದರ್ತದ. ಈಗ ನನಗ ಹೇಳಿದ್ದನ್ನ ಇದಕ್ಕ ಹೇಳ್ರಿ.”

ನಾನು ಚೀಲ ಹತ್ತಿರ ಎಳೆದುಕೊಂಡೆ. “ನೀವೇ ಆಮ್ಯಾಲ—”

“ನಾ ಯಾಕ ಹೇಳ್ಲಿ? ನೀವು ಹೇಳ್ರಿ.”

ಹುಡುಗಿ ಏನೂ ತಿಳಿಯದೆ ಅಜ್ಜಿಯ ಮುಖ, ನನ್ನ ಮುಖ ನೋಡುತ್ತ ನನ್ನೆದುರು ಕೂತಳು. ನಾನು ಹೇಳಿದೆ. ಏಪ್ರಿಲ್ ತಿಂಗಳ ಆ ಮಧ್ಯಾಹ್ನದಿಂದ ಹಿಡಿದು ಮದುವೆಮನೆಯ ಆ ಕುರ್ಚಿಯ ತನಕ, ಒಂದನ್ನೂ ಬಿಡದೆ ಹೇಳಿದೆ. ಮುಗಿದ ಮೇಲೆ ಹುಡುಗಿ ಸೆರಗನ್ನು ಬಾಯಿಂದ ತೆಗೆದಳು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳು ಕಂಡವು.

“ಎಷ್ಟು ದೂರ ಆಗ್ತಿತ್ತ್ರಿ, ನೀವು ಬಂದಿದ್ರ?” ಅಂತ ಕೇಳಿದಳು.

“ಒಂದು ತಾಸು,” ಅಂದೆ.